ಹಿತ್ತಲಿಗೊಂದು ಚರಗ

ಶೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ, ಬಸುರಿ ಭೂಮಿತಾಯಿಗೆ ಬಯಕೆಯೂಟವೆಂದು ಹೋಳಿಗೆ, ಕಡುಬು, ಪಲ್ಯ ಎರಚುವುದಕ್ಕೆ ನಮ್ಮ ಕಡೆ ಚರಗ ಚೆಲ್ಲುವುದು ಅಂತಾರೆ. ನಮಗೆ ಹೊಲವಿಲ್ಲ. ನಮ್ಮತ್ತೆ ಪ್ರತಿವರ್ಷ ಕುಷ್ಟಗಿಯಲ್ಲಿ ಬಸ್ಸು ಹತ್ತಿ, ತಾವರಗೇರಾ ಹತ್ತಿರದ ತವರಿನ ಹೊಲದಲ್ಲಿ ಚೆಲ್ಲಿ, ಅಲ್ಲೇ ಕೂತು ಉಂಡು ಬರುತ್ತಿದ್ದರು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು. ದಿನವಿಡೀ ಮುಖ ಊದಿಸಿಕೊಂಡು ಕೂತಿದ್ದರು.

“ಹಿತ್ತಲದಾಗ ಚೆಲ್ರಿ ಅತ್ತಿ,” ಅಂದೆ.

“ಬರೀ ಸಿಮೆಂಟು, ಇಟ್ಟಂಗಿ ಚೂರು ಐತಿ ಅಲ್ಲಿ. ಒಂದು ಎರಿಹುಳಾನೂ ಇಲ್ಲ. ಅದಕ್ಕ ಚರಗೇನು, ಹುಚ್ಚಿ!”

ನನಗೂ ಹಟ ಜಾಸ್ತಿ. ಮರುದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಟ್ಟಂಗಿ ಚೂರು ಆರಿಸಿದೆ, ಬದನೆ ಸಸಿ ನೆಟ್ಟೆ. ಪಕ್ಕದ ಮನೆಯಲ್ಲಿ ಆಡು ಸಾಕಿರುವ ಹೆಂಗಸನ್ನು ನಾನು ಕರೆಯುವುದು ಆಪಾ, ಅಂದರೆ ಅಕ್ಕ, ಅಂತ. ಆಪಾ ಒಂದು ಬುಟ್ಟಿ ಆಡಿನ ಹಿಕ್ಕೆ ಕೊಟ್ಟು ಇನ್ನೇನೋ ಹೇಳುವಷ್ಟರಲ್ಲಿ, ಓಡಿಬಂದು ಹಸಿಹಸಿಯಾಗೇ ಸಸಿಗಳ ಬುಡಕ್ಕೆ ಸುರಿದುಬಿಟ್ಟೆ. ವಾರದಲ್ಲಿ ಎಲ್ಲ ಸುಟ್ಟುಹೋದವು. ಹುಣ್ಣಿಮೆಯಾದ ಮೇಲೆ ಅತ್ತೆ ಬಾಯ್ತುಂಬ ನಕ್ಕಿದ್ದು ಅವತ್ತೇ.

ಆಪಾ ಗೋಡೆಯಾಚೆ ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಹಸೀ ಹಿಕ್ಕಿ ಭಾಳ ಕಾವು ತಂಗಿ. ಕುಣ್ಯಾಗ ಹಾಕಿ ಕೊಳೀಲಿಕ್ಕೆ ಬಿಡಬೇಕು. ಸಬರ್ ಮಾಡು, ಸಬರ್!”

ಸಬರಂತೆ! ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಆದರೂ ಮೂಲೆಯಲ್ಲಿ ಕುಣಿ ತೋಡಿ ಹಿಕ್ಕೆ, ಕಾಯಿಪಲ್ಯದ ಸಿಪ್ಪೆ, ಕತ್ತರಿಸಿದ ಜೋಳದ ದಂಟು ಹಾಕಿ, ಅಕ್ಕಿ ತೊಳೆದ ನೀರು ಚಿಮುಕಿಸಿ ಮುಚ್ಚಿದೆ. ಬೇಸಿಗೆ ಪೂರ್ತಿ ದಿನಾ ಇಣುಕಿದ್ದೇ ಇಣುಕಿದ್ದು.

“ಏನವಾ, ಬೆಂದೈತೇನು ನಿನ್ನ ಅಡಗಿ?” ಅಂತ ಅತ್ತೆ ಕಾಡಿಸೋರು.

ಮಳೆಗಾಲದ ಹೊತ್ತಿಗೆ ಕರ್ರಗೆ ಪುಡಿಪುಡಿ ಗೊಬ್ಬರ, ನಾತದ ಸುಳಿವಿಲ್ಲ. ಮಣ್ಣಿಗೆ ಬೆರೆಸಿ, ಬದನೆ, ಪುಂಡಿ ಹಾಕಿ, ಬುಡಕ್ಕೆ ಒಣಹುಲ್ಲು ಹೊದಿಸಿದೆ. ಈ ಸಲ ಹುಣ್ಣಿಮೆಯ ಹಿಂದಿನ ದಿನ ಅತ್ತೆ ಪುಂಡಿ ಸೊಪ್ಪು ಹರಿಯಲು ಹೋದಾಗ ಒಂದು ಗಿಡ ಬೇರುಸಮೇತ ಕೈಗೆ ಬಂತು.

“ಅಯ್ಯ ಶಿವನ! ಎರಿಹುಳ ಎಷ್ಟು ಅದಾವ ನೋಡು!”

ಅಷ್ಟೇ. ಚರಗದ ಮಾತೇ ಎತ್ತಲಿಲ್ಲ.

ಬೆಳಗಾಗೆದ್ದು ನೋಡಿದರೆ ಅತ್ತೆ ಹೋಳಿಗೆ ಬೇಯಿಸುತ್ತಿದ್ದಾರೆ! ಬುಟ್ಟಿ ಹಿಡಿದು ಹಿತ್ತಲಿಗೆ ನಡೆದರು. “ಹುಲ್ಲುಲ್ಲಿಗೋ...” ಎಂದು ಹೊಲದಲ್ಲಿ ಕೂಗುವ ಹಾಗೇ ಓಣಿಗೆಲ್ಲ ಕೇಳುವಂತೆ ಕೂಗುತ್ತಾ ಚರಗ ಚೆಲ್ಲಿದರು. ನನಗೆ ಕುಣಿಯುವಷ್ಟು ಖುಷಿ. ಗೋಡೆಯಾಚೆ ಆಪಾ ಚಪ್ಪಾಳೆ ತಟ್ಟಿದರು.

“ಒಳಗ ಬರ್ರಿ ಅತ್ತಿ, ತಾಟು ಹಚ್ತೀನಿ,” ಅಂದೆ.

ಅತ್ತೆ ಬದನೆ ಗಿಡದ ಪಕ್ಕ ಕಾಲು ಚಾಚಿ ಕೂತೇಬಿಟ್ಟರು.

“ಹೊಲಕ್ಕ ಬಂದು ಯಾರರ ಮನ್ಯಾಗ ಉಣ್ತಾರೇನು, ಹುಚ್ಚಿ? ಇಲ್ಲೇ ಬಡಸು. ನಿಮ್ಮ ಆಪಾನ್ನೂ ಕರಿ.”