ರಾಮದಾಸನ ಓನರ್

ಸಿಂಗಪುರದ ವುಡ್‌ಲ್ಯಾಂಡ್ಸ್, ಬೆಳಿಗ್ಗೆ ಒಂಬತ್ತು. ಗಡಿಯಾಚೆ ಮಲೇಷ್ಯಾದ ಜೊಹೋರ್ ಬಾರುವಿಗೆ ಹೋಗುವ ಬಸ್ಸಿನ ಕ್ಯೂ ಹನುಮಂತನ ಬಾಲದಂತೆ ಬೆಳೆದಿತ್ತು. ಇಲ್ಲೇ ಹುಟ್ಟಿ ಬೆಳೆದ ತಮ್ಮನ ಮಗಳು ಅನ್ವಿ ನನ್ನ ಪಾಸ್‌ಪೋರ್ಟ್ ತೆರೆದು, ರಾಮದಾಸ ಎಂಬ ಹೆಸರನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಈ ಹನ್ನೆರಡರ ಹುಡುಗಿ ನನ್ನ ಮೇಲೆ ಯಾಕಿಷ್ಟು ಕನಿಕರ ತೋರಿಸುತ್ತಿದ್ದಾಳೆಂದು ನನಗೆ ಹೊಳೆದಿರಲಿಲ್ಲ.

“ದೊಡ್ಡಪ್ಪ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಓನರ್ ಯಾರು?”

ಯಾವ ಓನರ್ ಎಂದು ಕೇಳಿದೆ. ಶಾಲೆಯ ಪ್ರಾಜೆಕ್ಟಿಗೆಂದು ಅವಳು ಅಮೆರಿಕದ ಗುಲಾಮಗಿರಿಯ ಬಗ್ಗೆ ಓದುತ್ತಿದ್ದಳಂತೆ. ಅಲ್ಲಿ ಎಷ್ಟೋ ಗುಲಾಮರಿಗೆ ಅವರನ್ನು ಕೊಂಡವರ ಹೆಸರೇ ಅಂಟಿಕೊಂಡಿತ್ತು. ಬಿಡುಗಡೆಯಾದದ್ದೇ ತಡ, ಕೆಲವರು ಆ ಹೆಸರನ್ನು ಕಿತ್ತೊಗೆದು ತಮಗೆ ಬೇಕಾದ್ದನ್ನು ಇಟ್ಟುಕೊಂಡರು. ದಾಸ ಎಂದರೆ ಸ್ಲೇವ್ ಎಂದು ಇವಳ ಫೋನು ಹೇಳಿತ್ತು. ಅಲ್ಲಿಗೆ ದೊಡ್ಡಪ್ಪ ಯಾರೋ ರಾಮನ ಆಸ್ತಿ!

“ಅಯ್ಯೋ, ರಾಮ ಅಂದ್ರೆ ದೇವ್ರು ಕಣೇ. ನಿಮ್ಮಜ್ಜಿ ಆಸೆಪಟ್ಟು ಇಟ್ಟ ಹೆಸ್ರು.”

“ಸೋ, ನಿಮ್ಮನ್ನ ಯಾರೂ ಪರ್ಚೇಸ್ ಮಾಡಿಲ್ಲ?”

“ಇಲ್ಲಮ್ಮ.”

ಎದೆಯ ಭಾರ ಇಳಿದಂತೆ ಅವಳು ಉಸಿರು ಬಿಟ್ಟಳು. ಆದರೂ ಪಾಸ್‌ಪೋರ್ಟ್ ಕೊಡಲಿಲ್ಲ.

“ಬೇಡ ಅನ್ಸಿದ್ರೆ ಚೇಂಜ್ ಮಾಡ್ಬಹುದಾ?”

“ನಾಳೇನೇ ಮಾಡ್ಬಹುದು.”

“ನೀವು ಮಾಡ್ತೀರಾ?”

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಮ್ಮ ಆ ಹೆಸರು ಕೂಗುತ್ತಿದ್ದ ದನಿ ನೆನಪಾಯಿತು. “ಇಲ್ಲ, ಇದೇ ಇರ್ಲಿ,” ಎಂದೆ.

“ದೆನ್ ಓಕೆ ಲಾ,” ಎಂದು ಇಲ್ಲಿಯವರ ಧಾಟಿಯಲ್ಲೇ ಹೇಳಿ ನಕ್ಕು, ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟಳು. ಅರವತ್ತು ವರ್ಷ ಹೊತ್ತು ತಿರುಗಿದ ಹೆಸರನ್ನು ಮೊದಲ ಸಲ ಯಾರೋ ನನ್ನನ್ನೇ ಕೇಳಿ ಕೊಟ್ಟಂತಾಯಿತು.