ಒಂದು ಗಡ್ಡದ ಹೊತ್ತು

ನುಣ್ಣಪ್ಪ ಎಂಬುದು ನಮ್ಮ ಬೀದಿಯ ಕ್ಷೌರಿಕನಿಗೆ ಗಿರಾಕಿಗಳೇ ಇಟ್ಟ ಹೆಸರು. ಅವನ ಕೈ ಅಷ್ಟು ನಯ. ಅವನು ಬೋಳಿಸಿದ ಕೆನ್ನೆಯ ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಕುಂಟುತ್ತ ಹೋದ ನೊಣಗಳನ್ನು ನಾನೇ ಕಂಡಿದ್ದೇನೆ. ಅಂಗಡಿಯಲ್ಲಿ ಗಡಿಯಾರವಿರಲಿಲ್ಲ. ಬಸ್ಸಿಗೆ ಇನ್ನೆಷ್ಟು ಹೊತ್ತು ಎಂದು ಕೇಳಿದರೆ ಒಂದು ಗಡ್ಡದ ಹೊತ್ತು ಎನ್ನುತ್ತಿದ್ದ. ನೀರು ಕಾಯಲು ಅರ್ಧ ಗಡ್ಡ, ಹೆಂಡತಿಯ ಸಿಟ್ಟು ಇಳಿಯಲು ನಾಲ್ಕು. ಬೀದಿಯೆಲ್ಲ ಈ ಲೆಕ್ಕಕ್ಕೆ ಒಗ್ಗಿಹೋಗಿತ್ತು.

ಬೆಳಗಿನ ಮೊದಲ ಗಿರಾಕಿ ನಾನು. ಈಚೆಗೆ ಅವನ ಕೈ ನಿಧಾನವಾಗುತ್ತ ಬಂತು. ಬಲಗೆನ್ನೆ ಮುಗಿಸುವಷ್ಟರಲ್ಲಿ ಎಡಗೆನ್ನೆಯಲ್ಲಿ ಹೊಸ ಬೆಳೆ ಬಂದಿರುತ್ತದೆ ಎಂದು ನಾನು ಕಂಡವರಿಗೆಲ್ಲ ಹೇಳಿ ನಗಿಸಿದೆ.

ಒಂದು ಬೆಳಗ್ಗೆ ಕತ್ತಿ ನನ್ನ ಗಂಟಲ ಮೇಲೆ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಕನ್ನಡಿಯಲ್ಲಿ ನೋಡಿದರೆ ನನಗಿಂತ ಅವನೇ ಬಿಳಿಚಿಕೊಂಡಿದ್ದ. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತಿ ಕೆಳಗಿಟ್ಟ. ಎರಡೂ ಕೈಯ ಗೆಣ್ಣುಗಳು ಊದಿಕೊಂಡಿದ್ದವು.

"ಯಾರ ಹತ್ರಾನೂ ಅನ್ಬೇಡಿ ಯಜಮಾನ್ರೇ. ಕತ್ತಿ ನಿಲ್ಲುತ್ತೆ ಅಂತ ಗೊತ್ತಾದ್ರೆ ಈ ಕುರ್ಚೀಲಿ ಯಾರು ಕೂರ್ತಾರೆ?"

ಹೆದರಿಕೆಯ ಬೇರು ಇನ್ನೂ ಆಳದಲ್ಲಿತ್ತು. ಅವನ ಅಕ್ಕನ ಬೆರಳುಗಳೂ ಹೀಗೇ ಊದಿ, ಕೊನೆಗೆ ಗಾಳಿಗೆ ಬಾಗಿದ ಹುಲ್ಲಿನಂತೆ ಒಂದೇ ಕಡೆ ವಾಲಿಹೋಗಿದ್ದವು. ಅವಳ ತಲೆಯನ್ನು ಇವನೇ ಬಾಚಿಕೊಡುತ್ತಿದ್ದ.

ಹೆಂಡತಿ ಅವನನ್ನು ಎಳೆದುಕೊಂಡೇ ಡಾಕ್ಟರಮ್ಮನ ಬಳಿ ಹೋದಳು. ರಕ್ತ ಪರೀಕ್ಷೆಯಾಯಿತು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳೂ ಅವಳೇ. ರಿಪೋರ್ಟಿನಲ್ಲಿ ಸಂಧಿವಾತದ ಗುರುತಾದ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಎಂದಿತ್ತು. ಅಕ್ಕನ ರಕ್ತದಲ್ಲಿ ಸಿಕ್ಕಿದ್ದು ಆ ಫ್ಯಾಕ್ಟರೇ. ತನ್ನದರಲ್ಲಿ ಇಲ್ಲವೆಂದು ಇವನು ಆಗಲೇ ಎದ್ದು ಚಪ್ಪಲಿ ಹುಡುಕತೊಡಗಿದ್ದ. ಡಾಕ್ಟರಮ್ಮ ಕೂರಿಸಿ, ಬೆಳಗ್ಗೆ ಎದ್ದ ಮೇಲೆ ಬೆರಳು ಸಡಿಲಾಗಲು ಎಷ್ಟು ಹೊತ್ತು ಬೇಕೆಂದು ಕೇಳಿದರು. ಸವೆದ ಕೀಲು ಬೇಗ ಸಡಿಲಾಗುತ್ತದೆ, ಉರಿಯೂತ ಹಿಡಿದ ಕೀಲು ಬಹಳ ಹೊತ್ತು ಬಿಗಿದೇ ಇರುತ್ತದೆ, ಅದಕ್ಕಾಗಿ ಕೇಳಿದ್ದು ಎಂದರು.

"ಒಂದು ಗಡ್ಡದ ಹೊತ್ತು, ಅಷ್ಟೇ."

ಹತ್ತು ನಿಮಿಷ ಎಂದು ಅವರು ಬರೆದುಕೊಂಡರು. ಅವನು ಸುಳ್ಳಾಡಿರಲಿಲ್ಲ. ನನ್ನ ಗಡ್ಡ ಮುಗಿಯುವ ವೇಳೆಗೇ ಅವನ ಬೆರಳು ಸಡಿಲಾಗುತ್ತಿತ್ತು. ಅಳತೆಗೋಲೇ ಜಗ್ಗಿ ಉದ್ದವಾದದ್ದು ಅವನಿಗೆ ತಿಳಿದಿರಲಿಲ್ಲ.

"ಯಾವ ಕಾಲದ ಗಡ್ಡಾರೀ ಅದು?" ಎಂದಳು ಹೆಂಡತಿ. "ಈಗ ನಿಮ್ಮ ಒಂದು ಗಡ್ಡ ಮುಗಿಯೋದ್ರಲ್ಲಿ ನಾನು ಬಟ್ಟೆ ಒಗೆದು, ಒಣಗ್ಸಿ, ಮಡಚಿಡ್ತೀನಿ. ಎಡಗೆನ್ನೆ ಮತ್ತೆ ಬೆಳೆದಿರುತ್ತೆ ಅಂತ ಬೀದಿಯೆಲ್ಲ ನಗ್ತಿದೆ."

ಡಾಕ್ಟರಮ್ಮ ನಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಮುಷ್ಟಿ ಹಿಡಿಯಲು ಹೇಳಿದರು. ಮುಷ್ಟಿಯೊಳಗೆ ಇಲಿಯೊಂದು ಸಂಸಾರ ಹೂಡುವಷ್ಟು ಜಾಗ ಉಳಿಯಿತು. ಗೆಣ್ಣು ಒತ್ತಿದಾಗ ಅವನು ಹಲ್ಲು ಕಚ್ಚಿದ.

"ನೆಗೆಟಿವ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಕೆಲವರಿಗೆ ಕಾಯಿಲೆ ಇದ್ರೂ ರಕ್ತದಲ್ಲಿ ಆ ಫ್ಯಾಕ್ಟರ್ ಕಾಣೋದಿಲ್ಲ. ಪರೀಕ್ಷೇಲಿ ಉರಿಯೂತದ ಅಂಕಿ ಏರಿದೆ, ಎರಡೂ ಕೈ ಒಂದೇ ಥರ ಊದಿವೆ. ಸ್ಕ್ಯಾನ್ ಮಾಡಿ ನೋಡೋಣ."

ಅವನು ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿಟ್ಟು ಕೇಳಿದ. "ಅಕ್ಕನ ಕೈ ಥರ ಆಗುತ್ತಾ?"

"ಅವರು ಯಾವಾಗ ಡಾಕ್ಟರ ಹತ್ರ ಹೋದ್ರು?"

"ಬೆರಳೆಲ್ಲ ವಾಲಿದ ಮೇಲೆ."

"ನಿಮ್ಮವು ಇನ್ನೂ ನೆಟ್ಟಗಿವೆ."

ಸ್ಕ್ಯಾನೂ ಡಾಕ್ಟರಮ್ಮನ ಅನುಮಾನವನ್ನೇ ಹೇಳಿತು: ಅಕ್ಕನಿಗಿದ್ದ ರುಮಟಾಯ್ಡ್ ಸಂಧಿವಾತವೇ. ವಾರಕ್ಕೊಂದು ಮಾತ್ರೆ, ನಡುನಡುವೆ ರಕ್ತ ಪರೀಕ್ಷೆ. ಔಷಧ ಹಿಡಿಯಲು ತಿಂಗಳುಗಳೇ ಬೇಕಂತೆ. ಈಗಲೂ ಬೆಳಗ್ಗೆ ಕಣ್ಣು ಬಿಡುವ ಮೊದಲು ಹೊದಿಕೆಯೊಳಗೇ ಮುಷ್ಟಿ ಹಿಡಿದು ನೋಡುತ್ತಾನಂತೆ. ಹೆಂಡತಿ ಎಚ್ಚರವಿದ್ದೂ ನಿದ್ದೆ ನಟಿಸುತ್ತಾಳೆ.

ಅವಳು ಅಂಗಡಿಗೊಂದು ಗಡಿಯಾರ ತಂದು ತೂಗುಹಾಕಿದ್ದಾಳೆ. ಕತ್ತಿ ಗಂಟಲಿಗೆ ಬಂದಾಗ ಅವನು ಗಡಿಯಾರ ನೋಡುತ್ತಾನೆ, ನಾನು ಅವನ ಬೆರಳು ನೋಡುತ್ತೇನೆ. ಇಬ್ಬರೂ ಉಸಿರು ಬಿಡುವುದಿಲ್ಲ. ಔಷಧ ಶುರುವಾಗುವ ಮೊದಲು ನನ್ನ ಎರಡು ಕೆನ್ನೆಗಳ ಗಡ್ಡದ ನಡುವೆ ಅಪ್ಪ ಮಗನಷ್ಟು ವಯಸ್ಸಿನ ಅಂತರವಿತ್ತು. ಮೊನ್ನೆ ಸವರಿ ನೋಡಿಕೊಂಡೆ, ಅಣ್ಣ ತಮ್ಮನಷ್ಟಕ್ಕೆ ಇಳಿದಿದೆ.