ಮಡಿಲಲ್ಲೇ ಇದ್ದ ಬೆಲ್ಲ

‘ಅವಳಿಗೆ ಶುಗರ್ ಇದೆ, ಸಿಹಿ ಕೊಡಬೇಡಿ!’ ಅಂತ ಕಳೆದ ಸೋಮವಾರ ಬಸ್ಸಿನಲ್ಲಿ ಕಿರುಚಿದವನು ನಾನೇ. ನನ್ನ ಮಾತು ನಡೆದಿದ್ದರೆ ನಮ್ಮ ದೊಡ್ಡವ್ವ ಇವತ್ತು ಇರುತ್ತಿರಲಿಲ್ಲ.

ದೊಡ್ಡವ್ವ ಅಂದರೆ ಅಮ್ಮನ ಅಕ್ಕ. ಭೀಮನಬೀಡಿನವಳು. ವಯಸ್ಸು ಎಪ್ಪತ್ತರ ಹತ್ತಿರ, ಶುಗರ್ ಬಂದು ಹತ್ತು ವರ್ಷ. ಚಾಮರಾಜನಗರದ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಎದ್ದವನೇ ಮಾತ್ರೆ ತೆಗೆದು ಕೈಗಿಟ್ಟು, ಅವಳು ನುಂಗುವ ತನಕ ಎದುರಿಗೇ ನಿಂತೆ. (‘ಮರ್ತೋಯ್ತು ಕಣ್ಲಾ’ ಎಂಬ ಅವಳ ಹಳೇ ನಾಟಕ ನನ್ನ ಹತ್ತಿರ ನಡೆಯುವುದಿಲ್ಲ.) ಚೀಟಿಯಲ್ಲಿ ‘ಊಟಕ್ಕೆ ಮೊದಲು’ ಎಂದಿತ್ತು. ಊಟಕ್ಕೆ ಮೊದಲೇ ಕೊಟ್ಟೆ.

ಊಟ ಯಾವಾಗ? ಅದನ್ನು ಯಾರು ಕೇಳಿದರು!

ಅವತ್ತು ಶ್ರಾವಣ ಸೋಮವಾರ. ದೊಡ್ಡವ್ವನಿಗೆ ಒಪ್ಪತ್ತು. ಸಂಜೆ ಈಶ್ವರನ ಗುಡಿಯಲ್ಲಿ ಪೂಜೆಯಾಗುವ ತನಕ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಒಪ್ಪತ್ತೂ ನನಗೆ ಗೊತ್ತಿತ್ತು, ಮಾತ್ರೆಯೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿದೆವು. ಸಂಜೆ ಗುಡಿಗೆಂದು ತಂದಿದ್ದ ಪೂಜೆಯ ಚೀಲವನ್ನು ದೊಡ್ಡವ್ವ ಮಡಿಲಲ್ಲಿ ಇಟ್ಟುಕೊಂಡಳು. ತೆರಕಣಾಂಬಿ ದಾಟುತ್ತಲೇ ಬಸ್ ನಿಂತಿತು. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಹೊಲ, ಎರಡೂ ಕಡೆ ಕಾರು. ಎಲ್ಲೆಲ್ಲಿಂದಲೋ ಬಂದವರು ಹೂವಿನ ನಡುವೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಡ್ರೈವರ್ ಹಾರನ್ ಒತ್ತಿ ಒತ್ತಿ ಸುಸ್ತಾದ. ಕೂಲಿಂಗ್ ಗ್ಲಾಸಿನವನೊಬ್ಬ ಹೊಲದಿಂದಲೇ ಒಂದು ಬೆರಳು ಎತ್ತಿ ‘ಒನ್ ಮಿನಿಟ್ ಬ್ರೋ’ ಅಂದ.

ಆಗಲೇ ದೊಡ್ಡವ್ವನ ಕೈ ನಡುಗುತ್ತಿರುವುದು ಕಂಡಿತು. ಹಣೆಯಿಂದ ಬೆವರು ಇಳಿಯುತ್ತಿತ್ತು. ‘ಯಾಕೆ ದೊಡ್ಡವ್ವ?’ ಅಂದರೆ ನನ್ನನ್ನೇ ನೋಡಿ, ‘ನೀನ್ ಯಾರ ಮಗ್ನಪ್ಪ?’ ಅಂದಳು. ಅವಳೇ ಎತ್ತಿ ಆಡಿಸಿದ ಕೂಸು ನಾನು.

ಬಸ್ಸಿನ ತುಂಬ ಡಾಕ್ಟರುಗಳು. ಒಬ್ಬರು ಗ್ಯಾಸು ಅಂದರು. ಇನ್ನೊಬ್ಬರು ಗಾಳಿ ಸೋಕಿದೆ, ನಿಂಬೆಹಣ್ಣು ಇಳಿಸಿ ಅಂದರು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಹೊರಟಿದ್ದೇವೆ ಅಂದರು. ಹೊರಟು ಏನು ಮಾಡುತ್ತಾರೆ? ಅವರು ಬರಬೇಕಾದ ರಸ್ತೆಯಲ್ಲೂ ಇವೇ ಕಾರುಗಳು.

ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಕುದೇರಿನವಳಂತೆ, ಕೂಲಿ ಕೆಲಸ. ಶುಗರ್ ಇದೆಯೇ, ಬೆಳಿಗ್ಗೆ ಏನು ತಿಂದಿದ್ದಾರೆ ಎಂದು ಎರಡೇ ಪ್ರಶ್ನೆ ಕೇಳಿದಳು. ಶುಗರ್ ಇದೆ, ಒಪ್ಪತ್ತು, ಮಾತ್ರೆ ಬಿಟ್ಟರೆ ಏನೂ ಇಲ್ಲ ಅಂದೆ. ಅನ್ನುತ್ತಲೇ ದೊಡ್ಡವ್ವನ ಮಡಿಲಿನ ಚೀಲಕ್ಕೆ ಕೈ ಹಾಕಿ ಈಶ್ವರನಿಗೆಂದು ಇಟ್ಟಿದ್ದ ಬೆಲ್ಲದಚ್ಚು ತೆಗೆದಳು. ನಾನು ಕಿರುಚಿದ್ದು ಆಗ. ಕಿರುಚಿದ್ದಷ್ಟೇ ಅಲ್ಲ, ಅವಳ ಕೈಯನ್ನೂ ತಳ್ಳಿದೆ.

ಅವಳು ಜಗ್ಗಲಿಲ್ಲ. ‘ಸಕ್ಕರ ಏರುದ್ರ ನಿಧಾನಕ್ಕ ಕೊಲ್ತದ, ಇಳುದ್ರ ಈಗ್ಲೇ ಕೊಲ್ತದ. ನಮ್ಮವ್ವ ಹಿಂಗೇ ಹೋದ್ಳು. ಕೈ ಬುಡಿ’ ಅಂದಳು.

ಬಿಟ್ಟೆ.

ಅಷ್ಟರಲ್ಲಿ ದೊಡ್ಡವ್ವ ತುಟಿ ಬಿಗಿದುಕೊಂಡು ‘ಬ್ಯಾಡ, ಒಪ್ಪತ್ತು’ ಅಂದಳು. ತಂಗಿ ಮಗನ ಗುರುತು ಸಿಗದಿದ್ದರೂ ವ್ರತ ಮರೆತಿಲ್ಲ! ಆ ಹೆಂಗಸು ಬೆಲ್ಲ ಪುಡಿ ಮಾಡಿ ಅವಳ ಕೆನ್ನೆಯೊಳಗೆ ಒತ್ತಿದಳು. ಸ್ವಲ್ಪ ಸ್ವಲ್ಪವೇ ನುಂಗಿಸಿದಳು. ಕಾದೆವು. ಅಂಥ ಹತ್ತು ನಿಮಿಷ ನನ್ನ ವೈರಿಗೂ ಬೇಡ. ಕೊನೆಗೆ ನಡುಕ ನಿಂತಿತು. ದೊಡ್ಡವ್ವ ನನ್ನ ಹೆಸರು ಹಿಡಿದು ಕರೆದು, ಬಾಯಿಗೆ ಬೆಲ್ಲ ಹಾಕಿದ್ದು ಯಾರು ಎಂದು ಬೈಯತೊಡಗಿದಳು. ಆ ಬೈಗುಳ ಕೇಳಿ ನಾನು ಅತ್ತೇಬಿಟ್ಟೆ.

ಆಂಬುಲೆನ್ಸ್ ಬರುವ ಮೊದಲೇ ಅಂತೂ ಬಸ್ ಹೊರಟಿತು. ಕಣ್ಣಿನ ಡಾಕ್ಟರನ್ನು ಬಿಟ್ಟು ನೇರ ಆಸ್ಪತ್ರೆಗೆ ಹೋದೆವು. ಶುಗರ್ ಇನ್ನೂ ಕೆಳಗೇ ಇತ್ತು. ಡ್ರಿಪ್ ಹಾಕಿದರು.

ಹತ್ತು ವರ್ಷದಿಂದ ಅವಳ ತಟ್ಟೆಯಿಂದ ಹೋಳಿಗೆ ಕಿತ್ತುಕೊಂಡಿದ್ದೇವೆ, ಕಾಫಿಗೆ ಸಕ್ಕರೆ ನಿಲ್ಲಿಸಿದ್ದೇವೆ. ಶುಗರ್ ಇಳಿದರೂ ಜೀವ ಹೋಗುತ್ತದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಓದಿದವನು ಬೇರೆ. ಕೂಲಿ ಮಾಡುವ ಹೆಂಗಸಿಗೆ ಗೊತ್ತಿತ್ತು, ಅದೂ ಅವ್ವನನ್ನು ಕಳೆದುಕೊಂಡು ಕಲಿತದ್ದು. ಅವಳ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ಆಸ್ಪತ್ರೆಯ ಡಾಕ್ಟರಿಗೆ ಸಿಟ್ಟು ಬಂದಿತ್ತು. ‘ಊಟ ಮಾಡದೆ ಇರೋರಿಗೆ ಈ ಮಾತ್ರೆ ಕೊಟ್ಟಿದ್ದು ಯಾರು?’ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಅಂದಳು: ‘ಯಾರೂ ಕೊಡ್ನಿಲ್ಲ ಸ್ವಾಮಿ. ನಾನೇ ತಕ್ಕಂಡಿ.’

ಶ್ರಾವಣದಲ್ಲಿ ಇನ್ನೂ ಸೋಮವಾರಗಳಿವೆ. ನಿಮ್ಮ ಮನೆಯಲ್ಲಿ ಮಾತ್ರೆ ಕೊಡುವವರು ಯಾರು?